ಪಾಲೆ ಯಾವುದು, ಕಾಯರ್ ಯಾವುದು

ಆಟಿ ಅಮಾವಾಸ್ಯೆ ಬರ್ತಾ ಉಂಟು. ಅದಕ್ಕೆ ಮೊದಲೇ ಇದನ್ನು ಬರೆದು ಮುಗಿಸಬೇಕು ಅಂತ ಮಳೆ ಸ್ವಲ್ಪ ಬಿಟ್ಟ ಹೊತ್ತಲ್ಲಿ ಕೂತಿದ್ದೇನೆ.

ಅಪ್ಪ ಇರುವಷ್ಟು ಕಾಲ ಪಾಲೆಯ ಕೆತ್ತೆ ತರುವುದು ಅವರ ಕೆಲಸ. ನಾವು ಏಳುವ ಮೊದಲೇ ಕತ್ತಲಲ್ಲಿ ಹೋಗಿ, ಕತ್ತಿ ಮುಟ್ಟಿಸದೆ, ಕಲ್ಲಿನಿಂದ ಜಜ್ಜಿ ತೆಗೆದು ತರುತ್ತಿದ್ದರು. ಅಮ್ಮ ಅದನ್ನು ಬೆಳ್ಳುಳ್ಳಿ, ಕಾಳುಮೆಣಸು, ಓಮದ ಜೊತೆ ಅರೆದು ರಸ ಹಿಂಡಿ, ಕೆಂಡದಲ್ಲಿ ಕಾದ ಬೆಣಚುಕಲ್ಲನ್ನು ಅದಕ್ಕೆ ಹಾಕಿ, ಖಾಲಿ ಹೊಟ್ಟೆಗೆ ಕೊಡುವುದು. ಮೇಲಿಂದ ಮೆಂತೆ ಗಂಜಿ. ಕುಡಿದದ್ದು ನನಗೆ ಚೆನ್ನಾಗಿ ನೆನಪುಂಟು. ಮರ ಯಾವುದು ಅಂತ ಒಮ್ಮೆಯೂ ಕೇಳಿರಲಿಲ್ಲ.

ಅಪ್ಪ ತೀರಿಕೊಂಡ ಮೇಲಿನ ಮೊದಲ ಆಟಿ. ಅಮಾವಾಸ್ಯೆಯ ಹಿಂದಿನ ದಿನ ಅಂಗಳದ ಬದಿಯ ಕಾಡು ಸವರುತ್ತಿದ್ದೆ. ನೆರೆಮನೆಯ ಅಜ್ಜ ದನ ಹುಡುಕಿಕೊಂಡು ಆ ದಾರಿಯಲ್ಲಿ ಬಂದರು.

"ನಾಳೆಗೆ ಕೆತ್ತೆ ಎಲ್ಲಿಂದ?" ಕೇಳಿದ್ರು.

ಕುಮ್ಕಿಯ ಬದಿಯಲ್ಲಿದ್ದ ಮರ ತೋರಿಸಿದೆ. ಅಪ್ಪ ಯಾವಾಗಲೂ ಆ ಕಡೆಗೇ ಹೋಗುತ್ತಿದ್ದದ್ದು, ಹಾಗಾಗಿ ಅದೇ ಅಂತ ನನ್ನ ಲೆಕ್ಕ. ಅಜ್ಜ ಒಂದು ಗಳಿಗೆ ಮಾತಾಡಲಿಲ್ಲ.

"ಅದು ಕಾಯರ್ ಮಾರಾಯ. ಮನೆಯವರನ್ನೆಲ್ಲ ಒಟ್ಟಿಗೆ ಕಳಿಸ್ತಿದ್ದಿ ನೀನು."

ಕಾಯರ್ ಅಂದರೆ ಕನ್ನಡದ ಕಾಸರಕ. ಅದರ ಬೀಜದಲ್ಲೂ ಕೆತ್ತೆಯಲ್ಲೂ ಸ್ಟ್ರಿಕ್ನಿನ್ ಇರುತ್ತದೆ. ಹೊಟ್ಟೆಗೆ ಹೋದರೆ ಮೈಯ ಸ್ನಾಯುಗಳೆಲ್ಲ ಸೆಟೆದು, ಕೊನೆಗೆ ಉಸಿರು ನಿಲ್ಲುತ್ತದೆ. ಪಾಲೆ ಅಂತ ತಿಳಿದು ಇದನ್ನು ಕುಡಿದು ಆಸ್ಪತ್ರೆ ಸೇರಿದವರ ಸುದ್ದಿ ಆಟಿಯಲ್ಲಿ ಕೇಳುವುದುಂಟು. ಜೀವ ಹೋದದ್ದೂ ಉಂಟು. ರುಚಿ ನೋಡಿ ತಿಳಿಯೋಣ ಅಂದರೆ ಎರಡೂ ಕಹಿಯೇ.

ಅಜ್ಜ ನನ್ನನ್ನು ಇಪ್ಪತ್ತು ಹೆಜ್ಜೆ ಆಚೆ ಕರೆದುಕೊಂಡು ಹೋಗಿ ಪಾಲೆ ತೋರಿಸಿದರು. ಒಂದೇ ಗಂಟಿನಿಂದ ಸುತ್ತಲೂ ಕೊಡೆಯ ಕಡ್ಡಿಯ ಹಾಗೆ ಐದಾರು, ಏಳು ಎಲೆ. ಅದಕ್ಕೇ ಸಪ್ತಪರ್ಣಿ ಅನ್ನುವುದು. ಗೀರಿದರೆ ಬಿಳಿ ಹಾಲು. ಕಾಯರಿನಲ್ಲಿ ಎದುರುಬದುರು ಎರಡೇ ಎಲೆ, ಹೊಳಪು, ಎಲೆಯ ಬುಡದಿಂದಲೇ ಮೂರೋ ಐದೋ ನರ, ಹಾಲು ಇಲ್ಲ. ಹಣ್ಣು ಕಿತ್ತಳೆ ಬಣ್ಣದ ಚೆಂಡು, ಒಳಗೆ ನಾಣ್ಯದಂಥ ಚಪ್ಪಟೆ ಬೀಜ. ಆದರೆ ಹಾಲು ಬಂತು ಅಂದ ಮಾತ್ರಕ್ಕೆ ಪಾಲೆ ಅಂತ ಹೇಳಲಿಕ್ಕಾಗುವುದಿಲ್ಲ, ಹಾಲಿರುವ ವಿಷದ ಮರಗಳೂ ಇವೆ. ಎಲ್ಲ ಗುರುತು ಸೇರಿಸಿಯೇ ನೋಡಬೇಕು. ಕೊನೆಗೆ ಅಜ್ಜ ಪಾಲೆಯ ಬುಡಕ್ಕೆ ಒಂದು ಬಾಳೆನಾರು ಕಟ್ಟಿದರು. "ಬೆಳಗ್ಗೆ ಕತ್ತಲೆಗೆ ಬರುವಾಗ ಇದನ್ನು ಮುಟ್ಟಿ ನೋಡು" ಅಂದರು.

ಆಮೇಲೆ ಈ ಎರಡು ಮರಗಳ ಬಗ್ಗೆ ಓದುತ್ತಾ ಹೋದೆ. ಇವು ಪುಸ್ತಕಕ್ಕೆ ಹೋದದ್ದೂ ಹೀಗೆಯೇ, ಸ್ಥಳೀಯರನ್ನು ಕೇಳಿ ಕೇಳಿ. 1670ರ ದಶಕದಲ್ಲಿ ಕೊಚ್ಚಿಯಲ್ಲಿ ಡಚ್ಚರ ಅಧಿಕಾರಿಯಾಗಿದ್ದವನು ಹೆಂಡ್ರಿಕ್ ವಾನ್ ರೀಡ್. ಅವನು ಮಾಡಿಸಿದ 'ಹೋರ್ತುಸ್ ಮಲಬಾರಿಕುಸ್' 12 ಸಂಪುಟಗಳಲ್ಲಿ 1678ರಿಂದ 1693ರ ತನಕ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಅಚ್ಚಾಯಿತು. ಗಿಡಗಳನ್ನು ಗುರುತಿಸಿ ಗುಣ ಹೇಳಿಕೊಟ್ಟವರು ಈಳವ ವೈದ್ಯ ಇಟ್ಟಿ ಅಚ್ಯುತನ್, ಮತ್ತೆ ಕೊಂಕಣಿ ಮಾತಾಡುವ ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್. ಇವರು 1675ರಲ್ಲಿ ಬರೆದುಕೊಟ್ಟ ಹೇಳಿಕೆಗಳು ಮೊದಲ ಸಂಪುಟದಲ್ಲೇ ಉಂಟು. ಪಾಲೆ ಮತ್ತು ಕಾಯರ್ ಎರಡರ ಚಿತ್ರವೂ ಅದೇ ಸಂಪುಟದಲ್ಲಿ, 'ಪಾಲ', 'ಕನಿರಂ' ಅನ್ನುವ ಹೆಸರಲ್ಲಿ.

ನಮ್ಮ ನೆಲಕ್ಕೆ ಕಾಲಿಡದ ಸ್ವೀಡನ್ನಿನ ಲಿನೇಯಸ್ ಕಾಯರಿಗೆ 1753ರಲ್ಲಿ, ಪಾಲೆಗೆ 1767ರಲ್ಲಿ ಲ್ಯಾಟಿನ್ ಹೆಸರು ಕೊಟ್ಟ. ಮಕ್ಕಳು ಬರೆಯುವ ಹಲಗೆಗೆ ಪಾಲೆಯ ಮರ ಬಳಸುತ್ತಿದ್ದರು ಅಂತ ಅದಕ್ಕೆ 'ಸ್ಕೊಲಾರಿಸ್' ಅಂದ. ಇನ್ನೊಂದು ವಿಷಯ ನೋಡಿ. 1818ರಲ್ಲಿ ಕಾಯರಿನ ಕುಲದ ಬೀಜಗಳಿಂದ ಸ್ಟ್ರಿಕ್ನಿನ್ ಬೇರೆ ಮಾಡಿದವರು ಫ್ರಾನ್ಸಿನ ಪೆಲ್ತಿಯೇ ಮತ್ತು ಕವಾಂತು. ಅದೇ ಇಬ್ಬರು 1820ರಲ್ಲಿ ಸಿಂಕೋನಾ ತೊಗಟೆಯಿಂದ ಮಲೇರಿಯಾದ ಕ್ವಿನೈನ್ ತೆಗೆದರು. ಕೊಲ್ಲುವ ಕಹಿ, ಜ್ವರ ಇಳಿಸುವ ಕಹಿ, ಎರಡನ್ನೂ ಬೇರೆ ಮಾಡಿ ತೋರಿಸಿದ ಕೈಗಳು ಒಂದೇ. ನಮ್ಮಲ್ಲಿ ಆ ಕೆಲಸವನ್ನು ಅಜ್ಜನಂಥವರು ಎಲೆ ನೋಡಿ ಮಾಡುತ್ತಿದ್ದರು.

ಈ ತಿಳಿವಳಿಕೆ ಉಳಿದದ್ದು ಕುಮ್ಕಿಯಿಂದ. ಹಳೇ ವರ್ಗ ಜಾಗದ ಸುತ್ತ 100 ಗಜದೊಳಗೆ ಸೊಪ್ಪು, ಕಟ್ಟಿಗೆ, ಹುಲ್ಲು ತೆಗೆಯುವ ಹಕ್ಕು ನಮ್ಮ ಜಿಲ್ಲೆಯಲ್ಲಿ ಬ್ರಿಟಿಷರ ಕಾಲದಿಂದ ಉಂಟಲ್ಲ. ದಿನಾ ಸೊಪ್ಪಿಗೆ ಹೋಗುವವನಿಗೆ ಯಾವುದು ಹಟ್ಟಿಗೆ, ಯಾವುದು ತೋಟಕ್ಕೆ, ಯಾವುದನ್ನು ದನ ಮೂಸುವುದಿಲ್ಲ ಅಂತ ತಾನಾಗಿಯೇ ಗೊತ್ತಾಗುತ್ತಿತ್ತು. 1964ರ ಸಿರಿಮಾವೋ–ಶಾಸ್ತ್ರಿ ಒಪ್ಪಂದದ ನಂತರ ಶ್ರೀಲಂಕಾದಿಂದ ಬಂದ ತಮಿಳರ ಪುನರ್ವಸತಿಗೆ ಅಂತ ಸುಳ್ಯ, ಪುತ್ತೂರಿನ ಕಾಡಿನಲ್ಲಿ ರಬ್ಬರ್ ಬೆಳೆಸಿದರು. ಆಮೇಲೆ ನಾವೂ ನಮ್ಮ ಗುಡ್ಡಕ್ಕೆ ರಬ್ಬರ್ ಹಾಕಿದೆವು. ಸೊಪ್ಪಿಗೆ ಹೋಗುವುದು ನಿಂತಿತು, ಮರದ ಪರಿಚಯವೂ ತಪ್ಪಿತು. ನಾನೇ ಅದಕ್ಕೆ ಉದಾಹರಣೆ.

ಆ ದಿನ ಹೆದರಿ, ಕಾಯರನ್ನು ಕಡಿದು ಹಾಕ್ತೇನೆ ಅಂದೆ. "ಯಾಕೆ ಕಡಿಯುವುದು? ಸೊಪ್ಪು ತೋಟಕ್ಕೆ ಆಗ್ತದೆ. ಮಕ್ಕಳಿಗೆ ತೋರಿಸಿ ಇಡು, ಸಾಕು" ಅಂದರು ಅಜ್ಜ. ಮರ ಈಗಲೂ ಉಂಟು. ಅಜ್ಜ ಇಲ್ಲ.

ಹಾಗಾಗಿ ಹೇಳುವುದು ಇಷ್ಟೇ. ಈ ಸಲ ಕೆತ್ತೆ ತರುವವರು ಹಿಂದಿನ ದಿನವೇ, ಹಗಲು ಬೆಳಕಲ್ಲಿ, ಮರ ಗೊತ್ತಿರುವ ಹಿರಿಯರನ್ನು ಕರೆದುಕೊಂಡು ಹೋಗಿ ಗುರುತು ಕಟ್ಟಿ ಬನ್ನಿ. ಮೊಬೈಲಿನ ಫೋಟೋ ನಂಬಿ ಕೆತ್ತೆ ತೆಗೆಯಬೇಡಿ. ಸ್ವಲ್ಪ ಸಂಶಯ ಇದ್ದರೂ ಈ ವರ್ಷ ಕಷಾಯ ಬೇಡ, ಮೆಂತೆ ಗಂಜಿ ಮಾತ್ರ ಉಣ್ಣಿ. ಕುಡಿದ ಮೇಲೆ ಯಾರಿಗಾದರೂ ಮೈ ಸೆಟೆದುಕೊಂಡರೆ ಮನೆಮದ್ದು ಮಾಡುತ್ತಾ ಕೂರಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ, ಉಳಿದ ಕೆತ್ತೆಯನ್ನೂ ಕೊಂಡು ಹೋಗಿ.

ನಾನು ನಾಡಿದ್ದು ಮಗಳನ್ನು ಕರೆದುಕೊಂಡು ಆ ಎರಡು ಮರಗಳ ಹತ್ತಿರ ಹೋಗುವವನಿದ್ದೇನೆ. ಬಾಳೆನಾರು ಅವಳೇ ಕಟ್ಟಲಿ.