ಕೊಪ್ಪಳ ಸೀಮೆಯ ವಿಮೋಚನಾ ದಿನ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ತ್ರಿವರ್ಣ ಧ್ವಜ ವರ್ಷಕ್ಕೆ ಎರಡು ಬಾರಿ ಬಿಡುಗಡೆಯ ನೆನಪಿಗಾಗಿ ಏರುತ್ತದೆ. ಆಗಸ್ಟ್ 15 ಇಡೀ ದೇಶದ ಹಬ್ಬ. ಸೆಪ್ಟೆಂಬರ್ 17, ಹೈದರಾಬಾದ್ ಸಂಸ್ಥಾನ ಭಾರತಕ್ಕೆ ತಲೆಬಾಗಿದ 1948ರ ದಿನ. ಹಿಂದೆ ಹೈದರಾಬಾದ್ ಕರ್ನಾಟಕ ವಿಮೋಚನಾ ದಿನವೆಂದು ಕರೆಯುತ್ತಿದ್ದ ಇದು 2019ರಿಂದ ಸರ್ಕಾರಿ ದಾಖಲೆಗಳಲ್ಲಿ ಕಲ್ಯಾಣ ಕರ್ನಾಟಕ ಉತ್ಸವ.

1947ರಲ್ಲಿ ಈ ಊರುಗಳು ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಸಂಸ್ಥಾನದ ರಾಯಚೂರು ಜಿಲ್ಲೆಗೆ ಸೇರಿದ್ದವು. ಕೊಪ್ಪಳವಂತೂ ಸಾಲಾರ್ ಜಂಗ್ ಮನೆತನದ ಜಾಗೀರು. ರೈತನ ತಲೆಯ ಮೇಲೆ ನಿಜಾಮರ ಜತೆಗೆ ಜಾಗೀರದಾರನೂ ಇದ್ದ. ಪಶ್ಚಿಮಕ್ಕೆ ಕೆಲವೇ ಹರದಾರಿ ನಡೆದರೆ ಮುಂಬಯಿ ಪ್ರಾಂತದ ಗದಗ, ಮುಂಡರಗಿ. ತುಂಗಭದ್ರೆ ದಾಟಿದರೆ ಮದರಾಸು ಪ್ರಾಂತದ ಹೊಸಪೇಟೆ. ಆ ಕಡೆಗಳಲ್ಲಿ ಸ್ವಾತಂತ್ರ್ಯದ ಸಂಭ್ರಮ ನಡೆಯುತ್ತಿದ್ದಾಗ, ಈ ಕಡೆಯ ‘ಮೊಗಲಾಯಿ’ಯಲ್ಲಿ, ಅಂದರೆ ನಿಜಾಮರ ಸೀಮೆಯಲ್ಲಿ, ರಾಷ್ಟ್ರಧ್ವಜ ಹಿಡಿದವರಿಗೆ ಜೈಲು ಕಾದಿತ್ತು.

ಹೋರಾಟ ಒಮ್ಮೆಲೇ ಹುಟ್ಟಿದ್ದಲ್ಲ. ಅದರ ಬೇರು ಶಾಲೆ, ವಾಚನಾಲಯದಂಥ ಸೇವಾಕಾರ್ಯಗಳಲ್ಲಿತ್ತು. ಉರ್ದು ಆಡಳಿತ ಭಾಷೆಯಾಗಿದ್ದ ನಾಡಿನಲ್ಲಿ ಕುಕನೂರಿನ ವಿದ್ಯಾನಂದ ಗುರುಕುಲ ಕನ್ನಡದ ಮಕ್ಕಳಿಗೆ ಅಕ್ಷರದೊಂದಿಗೆ ದೇಶಾಭಿಮಾನವನ್ನೂ ಕಲಿಸಿತು. ರಾಯಚೂರಿನಲ್ಲಿ ಪಂಡಿತ ತಾರಾನಾಥರು ಕಟ್ಟಿದ ಹಮ್‌ದರ್ದ್ ಶಾಲೆಯದೂ ಇದೇ ದಾರಿ. ಸಭೆ ಸೇರಲೂ ಅಪ್ಪಣೆ ಬೇಕಿದ್ದ ಕಾಲದಲ್ಲಿ ಇಂಥ ಸಂಸ್ಥೆಗಳೇ ಜನರನ್ನು ಒಂದೆಡೆ ತಂದವು. ಸಂಸ್ಥಾನದ ಕಾಂಗ್ರೆಸ್ಸನ್ನು ಮುನ್ನಡೆಸಿದ ಸ್ವಾಮಿ ರಮಾನಂದ ತೀರ್ಥರೂ ಮೂಲತಃ ಶಿಕ್ಷಕರೇ. ಹುಟ್ಟಿದ್ದು ವಿಜಯಪುರ ಜಿಲ್ಲೆಯ ಸಿಂದಗಿಯಲ್ಲಿ.

ನಿಜಾಮರ ಪರವಾಗಿ ನಿಂತ ಕಾಸಿಂ ರಜ್ವಿಯ ಖಾಸಗಿ ಪಡೆ ರಜಾಕಾರರ ಹಾವಳಿ ಹೆಚ್ಚಿದಂತೆ ಊರು ಬಿಟ್ಟವರು ಗಡಿಯಾಚೆ ಆಸರೆ ಪಡೆದರು. ಅಲ್ಲಿ ಎದ್ದ ಶಿಬಿರಗಳೇ ಈ ಚರಿತ್ರೆಯ ಜೀವಾಳ. ಮುಂಡರಗಿ ಶಿಬಿರಕ್ಕೆ ಅಳವಂಡಿ ಶಿವಮೂರ್ತಿಸ್ವಾಮಿಗಳು ನಾಯಕರು. ಗಜೇಂದ್ರಗಡ ಶಿಬಿರಕ್ಕೆ ಪುಂಡಲೀಕಪ್ಪ ಜ್ಞಾನಮೋಠೆ. ಶಿಬಿರದ ತರುಣರು ನಿಜಾಮರ ನಾಕಾಗಳ ಮೇಲೆ, ಪೊಲೀಸ್ ಠಾಣೆಗಳ ಮೇಲೆ ದಾಳಿ ಮಾಡುತ್ತಿದ್ದರು. ನಿರಾಶ್ರಿತರ ಊಟ, ವಸತಿಯ ಹೊಣೆಯೂ ಅವರದೇ. ಬಂದೂಕಿನ ಕಥೆಗಳಷ್ಟೇ ಗೌರವದಿಂದ ಈ ಅನ್ನದ ಕಥೆಯನ್ನೂ ಹೇಳಬೇಕು.

1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಹಲವು ದಿಕ್ಕುಗಳಿಂದ ಸಂಸ್ಥಾನದೊಳಗೆ ನುಗ್ಗಿತು. ಜನ ಇಂದಿಗೂ ಅದನ್ನು ‘ಪೊಲೀಸ್ ಆಕ್ಷನ್’ ಎನ್ನುತ್ತಾರೆ. ಐದನೇ ದಿನ ನಿಜಾಮರು ಶರಣಾದರು. ಮರುದಿನ ಅವರ ಸೇನಾಪತಿ ಎಲ್ ಎದ್ರೂಸ್, ಮೇಜರ್ ಜನರಲ್ ಜೆ. ಎನ್. ಚೌಧುರಿ ಅವರಿಗೆ ಸೇನೆಯನ್ನು ಒಪ್ಪಿಸಿದರು.

ಬಿಡುಗಡೆಯ ಬೆನ್ನಿಗೇ ನಡೆದ ರಕ್ತಪಾತವನ್ನೂ ಮರೆಯುವಂತಿಲ್ಲ. ಭಾರತ ಸರ್ಕಾರ ಕಳಿಸಿದ, ಪಂಡಿತ್ ಸುಂದರ್‌ಲಾಲ್ ನೇತೃತ್ವದ ತಂಡ ಸಂಸ್ಥಾನವನ್ನು ಸುತ್ತಿ, ಸೇನೆ ಬಂದ ಸಮಯದಲ್ಲಿ ಮತ್ತು ಅದರ ನಂತರ 27,000ದಿಂದ 40,000 ಜನ ಸತ್ತಿರಬಹುದೆಂದು ಅಂದಾಜಿಸಿತು. ಸತ್ತವರಲ್ಲಿ ಬಹುಪಾಲು ಮುಸ್ಲಿಮರು. ಹೆಚ್ಚು ನಲುಗಿದ ಜಿಲ್ಲೆಗಳಲ್ಲಿ ಕನ್ನಡದ ಗುಲ್ಬರ್ಗ, ಬೀದರ್‌ಗಳೂ ಇದ್ದವು. ರಜಾಕಾರರ ಕ್ರೌರ್ಯವನ್ನು ಹೇಳುವ ವೇದಿಕೆ ಈ ಸಾವುಗಳನ್ನೂ ಹೇಳಿದಾಗಲೇ ಚರಿತ್ರೆ ಪೂರ್ತಿಯಾಗುತ್ತದೆ.

ಕೊಪ್ಪಳದ ರೈತನಿಗೆ ಇನ್ನೊಂದು ಬಿಡುಗಡೆ 1949ರ ಆಗಸ್ಟ್‌ನಲ್ಲಿ ಬಂತು. ಅಂದು ಜಾಗೀರುಗಳು ರದ್ದಾದವು. 1952ರ ಮೊದಲ ಲೋಕಸಭೆ ಚುನಾವಣೆಯಲ್ಲಿ ಶಿವಮೂರ್ತಿಸ್ವಾಮಿಗಳನ್ನು ಕುಷ್ಟಗಿ ಕ್ಷೇತ್ರ ಪಕ್ಷೇತರರಾಗಿ ಆರಿಸಿ ಕಳಿಸಿತು. 1956ರ ನವೆಂಬರ್ 1ಕ್ಕೆ ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಮುಂದೆ ನಾಲ್ಕು ತಾಲೂಕುಗಳ ಕೊಪ್ಪಳ ಜಿಲ್ಲೆ ಬೇರೆಯಾಯಿತು. ಕುಕನೂರು, ಕನಕಗಿರಿ, ಕಾರಟಗಿ ತಾಲೂಕುಗಳಾದದ್ದು ಆಮೇಲೆ. ಹಿಂದುಳಿದ ಈ ಭಾಗಕ್ಕೆ ಶಿಕ್ಷಣ, ಉದ್ಯೋಗಗಳಲ್ಲಿ ಮೀಸಲು ತಂದ ಸಂವಿಧಾನದ 371(ಜೆ) ವಿಧಿ 98ನೇ ತಿದ್ದುಪಡಿಯ ಫಲ.

ಈಗ ಸೆಪ್ಟೆಂಬರ್ 17ರ ಮುಖ್ಯ ಸಮಾರಂಭ ಕಲಬುರಗಿಯಲ್ಲಿ; ಕೊಪ್ಪಳದಲ್ಲಿ ಜಿಲ್ಲಾಡಳಿತ ಧ್ವಜಾರೋಹಣ ನಡೆಸುತ್ತದೆ. ಆದರೆ ಶಿಬಿರಗಳಿದ್ದ ಮುಂಡರಗಿ, ಗಜೇಂದ್ರಗಡಗಳು ಇಂದು ಗದಗ ಜಿಲ್ಲೆಯಲ್ಲಿವೆ, ಕಲ್ಯಾಣ ಕರ್ನಾಟಕದ ಪಟ್ಟಿಗೆ ಸೇರಿಲ್ಲ. ಕೊಪ್ಪಳದ ಶಾಲಾ ಮಕ್ಕಳನ್ನು ವರ್ಷಕ್ಕೊಮ್ಮೆ ಆ ಎರಡು ಊರುಗಳಿಗೆ ಕರೆದೊಯ್ಯುವ ಕೆಲಸವನ್ನು ಇಲ್ಲಿನ ಸೇವಾಸಂಸ್ಥೆಗಳು ಧಾರಾಳವಾಗಿ ಕೈಗೆತ್ತಿಕೊಳ್ಳಬಹುದು. ಕೊಪ್ಪಳದಿಂದ ಮುಂಡರಗಿಗೆ ಹೋಗುವಾಗ ಶಿವಮೂರ್ತಿಸ್ವಾಮಿಗಳ ಅಳವಂಡಿಯನ್ನೂ ನೋಡಿಕೊಂಡು ಹೋಗಬಹುದು.