‘ಹೌಡಿ’ಯ ಪೂರ್ವೋತ್ತರ

ಕೌಬಾಯ್ ಚಿತ್ರಗಳನ್ನು ನೋಡಿದ ವಾಚಕರಿಗೆ ‘ಹೌಡಿ’ ಎಂಬ ಮಾತು ಹೊಸದಲ್ಲ. ಟೋಪಿಯ ಅಂಚು ಮುಟ್ಟಿ, ಕುದುರೆಯಿಂದ ಇಳಿಯದೆಯೇ ಹೇಳುವ ನಮಸ್ಕಾರ ಅದು. ವ್ಯಾಕರಣ ಪುಸ್ತಕದಿಂದ ಇಂಗ್ಲಿಷ್ ಕಲಿತ ನಾವು ಅದನ್ನು ಹಳ್ಳಿಗರ ಕೆಟ್ಟ ಇಂಗ್ಲಿಷ್ ಎಂದೇ ಬಹುಕಾಲ ತಿಳಿದಿದ್ದೆವು. ಚರಿತ್ರೆ ಹೇಳುವುದು ಬೇರೆ.

‘ಹೌ ಡು ಯೀ’, ಅಂದರೆ ‘ನೀವು ಹೇಗಿದ್ದೀರಿ’ ಎಂಬ ಪ್ರಶ್ನೆ ಬಾಯಿಂದ ಬಾಯಿಗೆ ಸವೆದು ‘ಹೌಡಿ’ಯಾಯಿತು. ಇಂಗ್ಲೆಂಡಿನಿಂದ ವಲಸೆ ಹೋದವರ ಜೊತೆ ಅದು ಕಡಲು ದಾಟಿ, ಅಮೆರಿಕದ ದಕ್ಷಿಣ, ಪಶ್ಚಿಮ ಸೀಮೆಗಳಲ್ಲಿ ಬೇರುಬಿಟ್ಟಿತು. ಆ ಕಾಲದ ಇಂಗ್ಲಿಷಿನಲ್ಲಿ ‘ದೌ’ ಎಂದರೆ ನೀನು, ‘ಯೀ’ ಎಂದರೆ ನೀವು. ಹೀಗೆ, ಒರಟೆನಿಸುವ ಈ ಮಾತಿನ ಹೊಟ್ಟೆಯಲ್ಲಿರುವುದು ಬಹುವಚನ!

ಮುಂದೆ ‘ದೌ’ ಬಳಕೆ ತಪ್ಪಿ, ಒಬ್ಬನಿಗೂ ಹತ್ತು ಜನಕ್ಕೂ ‘ಯೂ’ ಒಂದೇ ಆಯಿತು. ದಕ್ಷಿಣದ ರಾಜ್ಯಗಳ ಜನ ಇದಕ್ಕೆ ಉಪಾಯ ಕಂಡುಕೊಂಡರು: ‘ಯೂ ಆಲ್’ ಸೇರಿಸಿ ‘ಯಾಲ್’. ಕನ್ನಡಿಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗೌರವಕ್ಕಾಗಿ ಒಬ್ಬರನ್ನೂ ‘ನೀವು’ ಎನ್ನುವ ನಾವು, ಮನೆಮಂದಿಯನ್ನು ಕರೆಯುವಾಗ ‘ನೀವೆಲ್ಲ ಬನ್ನಿ’ ಎನ್ನುವುದಿಲ್ಲವೇ?

ನಾಗರಿಕರ ಮಾತೆನಿಸಿದ ‘ಹಲೋ’ ನಮಸ್ಕಾರವಾಗಿ ಮನೆಮನೆಗೆ ಬಂದದ್ದೇ ಟೆಲಿಫೋನಿನಿಂದ. 1876ರಲ್ಲಿ ಪೇಟೆಂಟ್ ಪಡೆದ ಬೆಲ್ ಸಾಹೇಬರಿಗೆ ನಾವಿಕರ ‘ಅಹೊಯ್’ ಪ್ರಿಯವಾಗಿತ್ತು. 1877ರಲ್ಲಿ ಎಡಿಸನ್ ‘ಹಲೋ’ ಸೂಚಿಸಿದ, ಅದೇ ಗೆದ್ದಿತು. ಶತಮಾನಗಳ ಹಿಂದಿನ ‘ಹೌಡಿ’ಯ ಮುಂದೆ ಅದು ನಿನ್ನೆಯ ಕೂಸು.

ಹಳ್ಳಿಯ ಬದುಕೂ ಈ ಮಾತುಗಳಲ್ಲಿ ಉಳಿದಿದೆ. ‘ದೇವರ ಚಿತ್ತವಿದ್ದು, ಹಳ್ಳ ಏರದಿದ್ದರೆ ಬರುತ್ತೇನೆ’ ಎಂಬುದು ಅಲ್ಲಿನ ವಾಡಿಕೆ. ಸೇತುವೆಯಿಲ್ಲದ ದಾರಿ ತುಳಿದವರಿಗೆ ಅದರ ಅರ್ಥ ಗೊತ್ತು.

ಇಂಥ ಮಾತುಗಳು ಮುದುಕರೊಡನೆ ಮರೆಯಾಗುವ ಮುನ್ನ ಹಿಡಿದಿಡಲು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಫ್ರೆಡರಿಕ್ ಕ್ಯಾಸಿಡಿ ಮುಂದಾದರು. 1965ರಿಂದ 1970ರವರೆಗೆ ಅವರ ಕಡೆಯವರು 1,002 ಊರುಗಳಿಗೆ ಹೋಗಿ, 1,600ಕ್ಕೂ ಹೆಚ್ಚು ಪ್ರಶ್ನೆ ಕೇಳಿ ಬರೆದುಕೊಂಡರು. ಹಲವರಿಗೆ ವ್ಯಾನೇ ವಸತಿ. ಊರಿನ ಮಾತು ಆಡಿದರೆ ನೆರೆಯವರು ನಕ್ಕಾರೆಂದು ಮಕ್ಕಳ ಬಾಯಿ ತಿದ್ದುವ ನಮ್ಮಂಥವರಿಗೆ, ಅದೇ ಮಾತನ್ನು ಹುಡುಕಿಕೊಂಡು ದೇಶ ಸುತ್ತಿದವರ ಕಥೆ ಸ್ವಲ್ಪ ಚುಚ್ಚುತ್ತದೆ.

ಪ್ರಾದೇಶಿಕ ಇಂಗ್ಲಿಷಿನ ಆ ನಿಘಂಟಿನ ಮೊದಲ ಸಂಪುಟ 1985ರಲ್ಲಿ ಬಂತು. 2000ದಲ್ಲಿ ಕ್ಯಾಸಿಡಿ ತೀರಿಕೊಂಡಾಗ ಕೊನೆಯ ಅಕ್ಷರ ಇನ್ನೂ ದೂರವಿತ್ತು. ‘ಜ಼ೆಡ್’ವರೆಗೂ ಸಾಗಿ ಎಂಬ ಅವರ ಮಾತನ್ನು ಸಮಾಧಿಯ ಕಲ್ಲಿನ ಮೇಲೆ ಕೆತ್ತಿಸಿದ್ದಾರೆ. ಆ ಅಕ್ಷರವಿರುವ ಐದನೆಯ ಸಂಪುಟ ಹೊರಬಂದದ್ದು 2012ರಲ್ಲಿ.