ಅಫೀಮಿನ ಆದಾಯವೂ ತೊಟ್ಟಿಲ ನಿದ್ರೆಯೂ

ಬೊಕ್ಕಸವನ್ನು ತುಂಬುವ ಕರಗಳಲ್ಲಿ ಕೆಲವು ಪ್ರಜೆಯ ಮನೆಯನ್ನು ಬರಿದು ಮಾಡುವಂಥವು. ಅಫೀಮಿನ ಕರವು ಅವುಗಳಲ್ಲೊಂದು. ದಡ್ಡಿ, ಹುಕ್ಕೇರಿ, ಗೋಕಾವಿಗಳನ್ನೊಳಗೊಂಡ ಬೆಳಗಾಂವಿ ಜಿಲ್ಲೆಯು 1956ರವರೆಗೆ ಯಾವ ಮುಂಬಯಿ ಆಡಳಿತಕ್ಕೆ ಸೇರಿದ್ದಿತೋ ಅದರ ಚರಿತ್ರೆಯೇ ಇದಕ್ಕೆ ಸಾಕ್ಷಿ.

ಮಾಳವದ ಅಫೀಮು ಮುಂಬಯಿ ಬಂದರದಿಂದ ಚೀನಕ್ಕೆ ಹೋಗುತ್ತಿದ್ದಿತು. ಕುಂಪಣಿ ಸರಕಾರವು 1831ರಿಂದ ಪೆಟ್ಟಿಗೆಗೆ ಇಷ್ಟೆಂದು ಸುಂಕ ಕಟ್ಟಿಸಿಕೊಂಡು ರಹದಾರಿ ಕೊಡತೊಡಗಿತು. 1878ರ ಕಾಯಿದೆಯು ಒಳನಾಡಿನ ಮಾರಾಟವನ್ನೂ ಪರವಾನಗಿಗೆ ಒಳಪಡಿಸಿತು. 1893ರಲ್ಲಿ ನೇಮಿಸಲ್ಪಟ್ಟ ರಾಯಲ್ ಕಮಿಶನ್ನು, ಮಿತವಾದ ಸೇವನೆಯಿಂದ ದೊಡ್ಡ ಕೇಡಿಲ್ಲವೆಂದು 1895ರಲ್ಲಿ ಬಹುಮತದಿಂದ ಅಭಿಪ್ರಾಯವಿತ್ತಿತು. ಆದಾಯವನ್ನು ಬಿಡಲಾಗದೆಂಬ ಮಾತೂ ಅದರೊಡನಿದ್ದಿತು.

ಈ ‘ಮಿತ’ದ ಬೆಲೆಯನ್ನು ತೆತ್ತವರಾರು? ಮುಂಬಯಿಯ ಗಿರಣಿಗಳಲ್ಲಿ ದುಡಿಯುವ ತಾಯಂದಿರು ಹಗಲೆಲ್ಲ ಕೂಸನ್ನು ಅಗಲಿರಬೇಕಾಗುತ್ತಿದ್ದಿತು. ಆದುದರಿಂದ ‘ಬಾಳಗೋಳಿ’ಯೆಂಬ ಅಫೀಮಿನ ಗುಳಿಗೆಯನ್ನು ಕೊಟ್ಟು ಅದನ್ನು ಮಲಗಿಸುತ್ತಿದ್ದರು. 1920ರ ದಶಕದ ಆರಂಭದಲ್ಲಿ ಬಾರ್ನ್ಸ್ ಎಂಬ ವೈದ್ಯೆಯು ವಿಚಾರಿಸಲಾಗಿ, ಇಂಥ ಕೂಸುಗಳಲ್ಲಿ ನೂರಕ್ಕೆ 98ಕ್ಕೆ ಅಫೀಮು ಉಣಿಸಲಾಗುತ್ತಿದ್ದುದು ತಿಳಿದುಬಂದಿತು. ಅಳುವೇ ಹಸಿದ ಕೂಸಿನ ಮಾತು. ಗುಳಿಗೆಯು ಆ ಮಾತನ್ನು ಅಡಗಿಸಿತೇ ಹೊರತು ಹಸಿವೆಯನ್ನಲ್ಲ. ತಾಯಿಯನ್ನು ದೂರುವುದು ಸುಲಭ. ಆದರೆ ಅವಳಿಗೆ ಬಿಡುವನ್ನೂ ಕೂಸಿಗೆ ಆಸರೆಯನ್ನೂ ಕೊಡದ ದುಡಿಮೆಯು ಆ ಹೊಣೆಯಿಂದ ನುಣುಚಿಕೊಳ್ಳಲಾರದು. ಮಾರಾಟದಿಂದ ಹಣ ಎಣಿಸಿದ ಸರಕಾರವೂ ನುಣುಚಿಕೊಳ್ಳಲಾರದು.

ಚೀನಕ್ಕೆ ಸಾಗುತ್ತಿದ್ದ ಮಾರಾಟವು 1913ರಲ್ಲಿ ನಿಂತಿತು; ವ್ಯಸನವು ನಿಲ್ಲಲಿಲ್ಲ. ಅಫೀಮು ಹಾಗೂ ಅದರ ವರ್ಗದ ಮಾದಕಗಳ ದೆಸೆಯಿಂದ ನೆರವು ಬೇಕಾದವರು ಭಾರತದಲ್ಲಿ ಸುಮಾರು 77 ಲಕ್ಷವೆಂದು 2019ರಲ್ಲಿ ಪ್ರಕಟವಾದ ಕೇಂದ್ರ ಸರಕಾರದ ಸಮೀಕ್ಷೆಯು ಲೆಕ್ಕ ಹಾಕಿತು. ಬೊಕ್ಕಸಕ್ಕೆ ಬಂದ ಹಣವನ್ನು ಬರೆದಿಟ್ಟ ಕಡತಗಳು ಹಲವು. ತೊಟ್ಟಿಲಲ್ಲಿ ಸುಮ್ಮನಾದ ಕೂಸುಗಳನ್ನು ಎಣಿಸಿದ ಕಡತಗಳು ವಿರಳ.